ಕವಣಿಗೊಪ್ಪುವ ಕಲ್ಲು

ಎರೆ ಹೊಲದಲ್ಲಿ ಕಲ್ಲು ಸಿಗುವುದಿಲ್ಲ. ಕವಣಿ ಬೀಸುವವನಿಗೆ ಮೊದಲ ತೊಡಕು ಇದೇ. ಮಸರಕಲ್ ಸೀಮೆಯಲ್ಲಿ ಹಿಂಗಾರಿ ಜೋಳ ನಿಲ್ಲುವ ಕರಿನೆಲವನ್ನು ಎಷ್ಟು ಕೆದಕಿದರೂ ಕೈಗೆ ಬರುವುದು ಹೆಂಟೆ. ಕಲ್ಲು ಬೇಕಾದಷ್ಟು ಬಿದ್ದಿರುವ ಮಸಾರಿಯಲ್ಲಿ ಆ ಜೋಳ ನಿಲ್ಲುವುದಿಲ್ಲ. ಹೀಗಾಗಿ ಕವಣಿಗೆ ಕಲ್ಲನ್ನು ಬೇರೆ ಕಡೆಯಿಂದ ಹೊತ್ತು ತರಬೇಕು. ಹೊತ್ತು ತರುವುದೇ ಆದಮೇಲೆ ಕಂಡದ್ದನ್ನೆಲ್ಲ ಯಾಕೆ ತರಬೇಕು? ನನ್ನ ಆಯುವ ಚಟ ಶುರುವಾದದ್ದು ಹೀಗೆ. ಈಗಂತೂ ಬೀಸುವುದಕ್ಕಿಂತ ಆಯುವುದರ ಹುಚ್ಚೇ ಹೆಚ್ಚು.

ಎಳ್ಳಮಾಸಿಗೆ ಚರಗ ಚೆಲ್ಲಿ ಬರುವ ಹೊತ್ತಿಗೆ ಮಾಲದಂಡಿ ಜೋಳ ತೆನೆ ಬಿಚ್ಚಿರುತ್ತದೆ. ಕಾಳಿಗೆ ಹಾಲು ತುಂಬಿ ಸೀತನಿ ಸುಡುವ ಹದ ಬಂತೆಂದರೆ ಹಕ್ಕಿಗಳಿಗೂ ಸುದ್ದಿ ಮುಟ್ಟಿತೆಂದೇ ಲೆಕ್ಕ. ಗಿಳಿ ತಿನ್ನುವುದಕ್ಕಿಂತ ಕೆಡವುವುದೇ ಜಾಸ್ತಿ. ಗುಬ್ಬಿ ಕಾಳು ಬಿಡಿಸಿಕೊಂಡು ಮರ್ಯಾದೆಯಿಂದ ತಿನ್ನುತ್ತದೆ. ಇವೆರಡನ್ನೂ ಹೇಗೋ ಸಹಿಸಬಹುದು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಗುಲಾಬಿ ಕಬ್ಬಕ್ಕಿ ಹಿಂಡುಗಟ್ಟಿ ಇಳಿದರೆ ಮಾತ್ರ ಹೊಲದವನ ಎದೆ ಡವಗುಟ್ಟುತ್ತದೆ. ಇಂಗ್ಲಿಷರ ಕಾಲದ ಪಕ್ಷಿಪುಸ್ತಕಗಳಲ್ಲಿ ಇದಕ್ಕೆ ಜೋಳದ ಹಕ್ಕಿ ಎಂಬ ಹೆಸರೇ ಇದೆ. ಮಂಚಿಗೆಯ ಮೇಲೆ ನಿಂತ ಕಾವಲಿನವನಿಗೆ ಆಗ ಇದ್ದ ಆಯುಧ ಎರಡೇ, ಒಂದು ಗಂಟಲು, ಇನ್ನೊಂದು ಕವಣಿ.

ಕವಣಿಯ ಮಾತು ಬೇಗ ಮುಗಿಸುತ್ತೇನೆ. ಪುಂಡಿ ದಂಟನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಹೊಸೆದು ಎರಡು ಹಗ್ಗ. ನಡುವೆ ಕಲ್ಲು ಕೂರಲು ಅಂಗೈ ಅಗಲದ ಹೆಣಿಗೆ. ಒಂದು ಹಗ್ಗದ ತುದಿಯ ಕುಣಿಕೆ ಬೆರಳಿಗೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದರ ತುದಿಯನ್ನು ಬೀಸಿದಾಗ ಬಿಟ್ಟುಬಿಡಬೇಕು. ಬಿಡುವ ತುದಿಗೆ ಬಿಡಿ ನಾರಿನ ಜುಂಗು ಉಳಿಸಿದರೆ ಅದು ಚಾಟಿಯಂತೆ ಛಟ್ಟೆನ್ನುತ್ತದೆ. ಪುಂಡಿ ಪಲ್ಯ ಉಂಡವರೆಲ್ಲ ಪುಂಡಿ ನಾರು ಕಂಡವರಲ್ಲ, ಅದಕ್ಕೆ ಇಷ್ಟು ಹೇಳಿದೆ.

ಛಟ್ಟೆನ್ನುವ ಸದ್ದಿಗೇ ಹಕ್ಕಿ ಏಳುವುದಾದರೆ ಕಲ್ಲು ಯಾಕೆ ಬೇಕು? ಖಾಲಿ ಕವಣಿಯ ಗುಟ್ಟು ಗಿಳಿಗೆ ಬೇಗ ಗೊತ್ತಾಗುತ್ತದೆ. ಸದ್ದಿನ ಬೆನ್ನಿಗೆ ಏನೋ ಒಂದು ತಲೆಯ ಮೇಲೆ ಸುಂಯ್ಯೆಂದು ಹಾದುಹೋಗಬೇಕು. ಮುತ್ಯಾ ಹೇಳುತ್ತಿದ್ದದ್ದು ಅದನ್ನೇ: “ಹಕ್ಕಿಗಿ ತಾಕಸಬ್ಯಾಡಲೇ ತಮ್ಮಾ, ಅದಕ್ಕ ಕೇಳಿಸು.” ನಮ್ಮ ಆಯ್ಕೆಯ ಶಾಸ್ತ್ರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಗುರಿಯವನು ಆಯುವ ಕಲ್ಲೇ ಬೇರೆ, ಕಾವಲಿನವನು ಆಯುವ ಕಲ್ಲೇ ಬೇರೆ.

ಗೂಗಲ್ಲಿನ ಬಳಿ ಕೃಷ್ಣೆಯ ದಂಡೆಗೆ ಹೋದರೆ ಹೊಳೆಗಲ್ಲು ಸಿಗುತ್ತದೆ. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದಾಗ ಮರಳಿನ ನಡುವೆ ಕಾಣುವ ನುಣುಪುಗಲ್ಲು, ಕಂದು, ಹಸಿರುಗಪ್ಪು, ಕೆಲವಕ್ಕೆ ನಡುವೆ ಬಿಳಿಯ ಪಟ್ಟೆ. ನೋಡಲು ಇದಕ್ಕಿಂತ ಚಂದ ಇಲ್ಲ, ನೆಟ್ಟಗೆ ಹೋಗುವುದರಲ್ಲೂ ಇದನ್ನು ಮೀರಿಸುವ ಕಲ್ಲಿಲ್ಲ. ಮೊಟ್ಟೆಯಾಕಾರದ್ದು ಸಿಕ್ಕರೆ ಹೆಣಿಗೆಯಲ್ಲಿ ಅಡ್ಡಡ್ಡ ಮಲಗಿಸಬೇಕು. ಹೊರಡುವಾಗ ಹೆಣಿಗೆಯ ಮೇಲೆ ಉರುಳಿ ತನ್ನ ಸುತ್ತ ತಾನೇ ತಿರುಗುತ್ತ ಹೋಗುತ್ತದೆ, ದಾರಿ ತಪ್ಪುವುದಿಲ್ಲ. ಆದರೆ ಅದು ಸದ್ದಿಲ್ಲದೆ ಹೋಗುತ್ತದೆ. ಜೋಳದ ಕಾವಲಿಗೆ ಈ ಸಭ್ಯತೆ ಕೆಲಸಕ್ಕೆ ಬಾರದು.

ಬೆಣಚುಕಲ್ಲು ಮಸಾರಿಯಲ್ಲಿ ಹೇರಳ. ಬೆಳ್ಳಗಿರುವುದರಿಂದ ಹಾರುವಾಗ ಕಣ್ಣಿಗೆ ಕಾಣುತ್ತದೆ, ಹೊಸದಾಗಿ ಕಲಿಯುವವರಿಗೆ ತಮ್ಮ ಕಲ್ಲು ಎಲ್ಲಿ ಹೋಯಿತೆಂದು ತಿಳಿಯಲು ಅನುಕೂಲ. ಅಂಚು ಮಾತ್ರ ಹರಿತ, ಒಂದು ಸುಗ್ಗಿಯೊಳಗೆ ಹೆಣಿಗೆಯ ನಾರನ್ನು ಕೊಯ್ದು ಹಾಕುತ್ತದೆ. ರಸ್ತೆಗೆ ಸುರಿದ ಜಲ್ಲಿಯದೂ ಇದೇ ಗುಣ. ಜಲ್ಲಿ ಹಾಕಿಕೊಂಡು ಬೀಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ಒಲವು ಸುಣ್ಣಗಲ್ಲಿಗೆ. ಎರೆಯ ಹಳ್ಳದ ದಂಡೆ ಕುಸಿದಲ್ಲಿ, ಬಾವಿ ತೋಡಿದ ಮಣ್ಣಿನಲ್ಲಿ ಸಿಗುವ ಗಂಟುಗಂಟಾದ ಬೂದಿಬಣ್ಣದ ಕಲ್ಲು. ಕೈಯಲ್ಲಿ ಹಗುರ, ಮೈಯೆಲ್ಲ ಉಬ್ಬುತಗ್ಗು. ಅದರಿಂದಲೇ ಗಾಳಿಯಲ್ಲಿ ಗುಂಯ್ಯೆನ್ನುತ್ತ ಹೋಗುತ್ತದೆ. ದೂರ ಕಡಿಮೆ, ನೇರ ಇನ್ನೂ ಕಡಿಮೆ. ಆಗಲಿ, ನಾವೇನು ಕೋಟೆ ಹಿಡಿಯಲು ಹೊರಟಿಲ್ಲ. ಸ್ಕಾಟ್ಲೆಂಡಿನ ಬರ್ನ್ಸ್‌ವಾರ್ಕ್ ಎಂಬ ಗುಡ್ಡದಲ್ಲಿ ಸುಮಾರು 1,800 ವರ್ಷ ಹಳೆಯ ರೋಮನ್ ಕವಣಿಯ ಸೀಸದ ಗುಂಡುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ ಸಣ್ಣ ತೂತು ಕೊರೆದಿದ್ದಾರೆ. ಸಿಳ್ಳೆ ಹಾಕುತ್ತ ಹೋಗಿ ಎದುರಾಳಿಯ ಎದೆ ನಡುಗಿಸಲಿ ಎಂದೇ ಹಾಗೆ ಮಾಡಿದ್ದಿರಬೇಕೆಂದು ಸಂಶೋಧಕರ ಊಹೆ. ಓದಿದಾಗ ಮುತ್ಯಾನ ನೆನಪಾಯಿತು. ಅವರು ತೂತು ಕೊರೆದು ಸಾಧಿಸಿದ್ದನ್ನು ನಮ್ಮ ಸುಣ್ಣಗಲ್ಲು ಹುಟ್ಟಿನಿಂದಲೇ ಪಡೆದುಬಂದಿದೆ.

ತೂಕದ ವಿಷಯದಲ್ಲಿ ಗ್ರೀಕರ ಕ್ಸೆನೊಫನ್ ಒಂದು ಒಳ್ಳೆಯ ಮಾತು ಬರೆದಿಟ್ಟಿದ್ದಾನೆ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ನಡುವೆ ಸಿಕ್ಕಿಕೊಂಡ ಗ್ರೀಕ್ ಸೈನಿಕರನ್ನು ಪರ್ಷಿಯನ್ನರ ಕವಣಿಗಾರರು ಕಾಡತೊಡಗಿದರು. ಅವರದು ಮುಷ್ಟಿಗಾತ್ರದ ಕಲ್ಲು, ದೂರ ಹೋಗದು. ಗ್ರೀಕರ ಪಡೆಯಲ್ಲಿದ್ದ ರೋಡ್ಸ್ ದ್ವೀಪದವರು ಸಣ್ಣ ಸೀಸದ ಗುಂಡು ಬೀಸಬಲ್ಲವರು, ಅದು ದುಪ್ಪಟ್ಟು ದೂರ ಹೋಗುತ್ತಿತ್ತು. ಕಲ್ಲು ದೊಡ್ಡದಾದಷ್ಟೂ ಪೆಟ್ಟು ದೊಡ್ಡದು ಎಂದುಕೊಳ್ಳುವವರು ನಮ್ಮೂರಲ್ಲೂ ಇದ್ದಾರೆ. ತೋಳಿನ ವೇಗ ಕುಂದುವುದು ಅವರ ಲೆಕ್ಕದಲ್ಲಿ ಬರುವುದಿಲ್ಲ. ತೀರ ಹಗುರವಾದರೆ ಗಾಳಿಯೇ ತಡೆದುಬಿಡುತ್ತದೆ. ನನ್ನ ಕೈಗೆ, ನನ್ನ ಹಗ್ಗದ ಉದ್ದಕ್ಕೆ 50ರಿಂದ 80 ಗ್ರಾಂ ಸರಿ. ಬೇರೆಯವರ ಕೈಗೆ ಬೇರೆ ಇರಬಹುದು. ತೂಕಕ್ಕಿಂತ ಮುಖ್ಯ, ಒಂದು ಚೀಲದ ಕಲ್ಲೆಲ್ಲ ಒಂದೇ ತೂಕದವು ಇರಬೇಕು, ಇಲ್ಲದಿದ್ದರೆ ಕೈಗೆ ಪಾಠವೇ ಕೂರುವುದಿಲ್ಲ.

ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಎಂಬ ಹಳೆಯ ಗುಡ್ಡಕೋಟೆಯನ್ನು 1934ರಿಂದ 1937ರವರೆಗೆ ಅಗೆದ ಮಾರ್ಟಿಮರ್ ವೀಲರ್, ಪೂರ್ವದ ಬಾಗಿಲ ಬಳಿ 20,000ಕ್ಕೂ ಹೆಚ್ಚು ಕವಣಿಗಲ್ಲುಗಳ ರಾಶಿಯನ್ನೇ ಕಂಡ. ಎಲ್ಲವೂ ಸಮುದ್ರದಂಡೆಯಿಂದ ಆಯ್ದು ಹೊತ್ತು ತಂದ ನುಣುಪುಗಲ್ಲು. ಇದೇ ವೀಲರ್ 1947ರಲ್ಲಿ ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಗೆದ ಪುರಾತತ್ವದ ದೊಡ್ಡ ಅಧಿಕಾರಿ. ಆ ರಾಶಿ ಕಂಡ ಕಣ್ಣು ನಮ್ಮ ಕಡೆಯ ಗುಂಡುಗಲ್ಲುಗಳನ್ನೂ ನೋಡಿತಲ್ಲ ಎಂಬುದೇ ನನಗೆ ಒಂದು ಸಣ್ಣ ಹೆಮ್ಮೆ.

ಬಂದೂಕಿನ ಮಾತೂ ಇಲ್ಲಿ ಬರಲೇಬೇಕು, ಯಾಕೆಂದರೆ ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕು ಕವಣಿಯ ದೂರದ ನೆಂಟ. ಅದರ ನಳಿಗೆಯ ಒಳಮೈ ನುಣುಪು. ಗುಂಡನ್ನು ತಿರುಗಿಸುವ ಗೀರುಗಳಿಲ್ಲ. ಇಂಗ್ಲಿಷರ ಸೈನ್ಯದ ಪ್ರಸಿದ್ಧ ಬ್ರೌನ್ ಬೆಸ್ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್, ಅದಕ್ಕೆ ಹಾಕುತ್ತಿದ್ದ ಗುಂಡು ಸುಮಾರು 17.5. ಗುಂಡು ಬೇಕೆಂತಲೇ ಸಣ್ಣದು. ಕೆಲವು ಈಡು ಹಾರಿಸುವುದರೊಳಗೆ ಮದ್ದಿನ ಮಸಿ ಕಟ್ಟಿ ನಳಿಗೆ ಕಿರಿದಾಗುತ್ತದೆ, ಬಿಗಿಯಾದ ಗುಂಡು ಗಜದಿಂದ ಎಷ್ಟು ಒತ್ತಿದರೂ ಇಳಿಯದು. ಸಡಿಲ ಗುಂಡು ಬೇಗ ಇಳಿಯುತ್ತದೆ, ಆದರೆ ನಳಿಗೆಯ ಗೋಡೆಗೆ ಬಡಿಯುತ್ತ ಹೊರಬಂದು ತನ್ನಿಷ್ಟದ ಕಡೆ ಹೋಗುತ್ತದೆ. ಸೈನ್ಯಕ್ಕೆ ಬೇಗ ಬೇಕಿತ್ತು, ಸಾಲಾಗಿ ನಿಂತವರ ಮೇಲೆ ಹಾರಿಸಲು ನೇರ ಅಷ್ಟೇನೂ ಬೇಕಿರಲಿಲ್ಲ. ಬೇಟೆಗಾರನಿಗಾದರೆ ನೇರ ಬೇಕು, ಅವನು ಗುಂಡಿಗೆ ಬಟ್ಟೆ ಸುತ್ತಿ ಬಿಗಿ ಮಾಡಿಕೊಳ್ಳುತ್ತಾನೆ. ಹಕ್ಕಿಗೆ ಚರೆ ತುಂಬುತ್ತಾನೆ. ಕೆಲಸ ಯಾವುದೆಂದು ತಿಳಿಯದೆ ಈಡು ಯಾವುದೆಂದು ಹೇಳಲಾಗದು. ಕೃಷ್ಣೆಯ ಆಚೆ ದಂಡೆಯ ಸುರಪುರದ ಬೇಡರು ಈ ವಿದ್ಯೆಯಲ್ಲಿ ಪಳಗಿದವರು. 1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಅವರ ವಾಗಿನಗೇರಿ. ಬೇಡರ ಬಂದೂಕುಗಳು ಮುದುಕ ಬಾದಶಹನನ್ನು ತಿಂಗಳುಗಟ್ಟಲೆ ಕಾಯಿಸಿದವು.

ರಾಯಚೂರಿನ ಕೋಟೆಯ ಕಥೆಯಲ್ಲಿ ಕಲ್ಲಿಗೂ ಗುಂಡಿಗೂ ಸಮಪಾಲಿದೆ. 1520ರಲ್ಲಿ ಕೃಷ್ಣದೇವರಾಯ ಮುತ್ತಿದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ವಿವರವಾಗಿ ಬರೆದಿದ್ದಾನೆ. ಗೋಡೆಯ ಬುಡಕ್ಕೆ ಹೋಗಲು ಸೈನಿಕರು ಹಿಂಜರಿದಾಗ, ಕಿತ್ತು ತಂದ ಕಲ್ಲಿಗೆ ನಾಯಕರು ಹಣ ಕೊಟ್ಟು ಕೊಂಡರಂತೆ; ಹತ್ತು ಪಣದಿಂದ ಐವತ್ತು ಪಣದವರೆಗೆ ಗಾತ್ರಕ್ಕೆ ತಕ್ಕ ಬೆಲೆ. ಮೇಲಿನಿಂದ ಕಲ್ಲೂ ಗುಂಡೂ ಸುರಿಯುತ್ತಿದ್ದವು. ಫಿಗೈರೆದೊ ಎಂಬವನ ಪೋರ್ಚುಗೀಸ್ ಬಂದೂಕಿನವರು ಕೆಳಗಿನಿಂದ ಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆಯತೊಡಗಿದರು. ಏನಾಗುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ಬಿತ್ತು, ಮರುದಿನ ಕೋಟೆ ಕೈಬದಲಾಯಿತು. ಕಲ್ಲು ಆಯ್ದವನಿಗೆ ಕಾಸು ಕೊಟ್ಟ ದಾಖಲೆ ನಮ್ಮ ಜಿಲ್ಲೆಯದೇ ಇದೆ ಎಂದು ನಾನು ಮನೆಯಲ್ಲಿ ಹೇಳಿ ನೋಡಿದ್ದೇನೆ. ಬಟ್ಟೆಯ ಜೇಬೆಲ್ಲ ಹರಿದದ್ದಕ್ಕೆ ಅದು ಸಮಜಾಯಿಷಿಯಾಗಲಿಲ್ಲ.

ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಮೇಲೆ ದೇವದುರ್ಗದ ಕಡೆ ಭತ್ತ, ಹತ್ತಿ ಹೆಚ್ಚಿ ಜೋಳ ಹಿಂದೆ ಸರಿಯಿತು. ಹತ್ತಿಗೆ ಹಕ್ಕಿಯ ಕಾಟವಿಲ್ಲ. ಉಳಿದ ಜೋಳದ ಹೊಲಗಳಲ್ಲಿ ಮಿಂಚುವ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ, ಕೆಲವರು ಸ್ಪೀಕರಿನಲ್ಲಿ ಗದ್ದಲ ಹಾಕಿಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಮಂಚಿಗೆಯ ಮೇಲೆ ದಿನವಿಡೀ ನಿಲ್ಲುವುದು ಎಷ್ಟು ಕಷ್ಟವೆಂದು ನಿಂತವರಿಗೆ ಗೊತ್ತು. ನಾನು ಬೀಸುವುದು ಈಗ ಆಟಕ್ಕೆ, ಕೊಯ್ಲಾದ ಹೊಲದಲ್ಲಿ, ಎದುರಿಗೆ ಜನ ದನ ಇಲ್ಲದ ಕಡೆ.

ಬೀಸಿದ ಕಲ್ಲು ಯಾರದೋ ಎರೆಯಲ್ಲಿ ಉಳಿದರೆ ಮುಂದಿನ ವರ್ಷ ಕುಂಟೆಯ ಕುಡಕ್ಕೆ ಸಿಕ್ಕುತ್ತದೆ. ತಿಳಿದ ಒಕ್ಕಲಿಗರು ಎರೆ ಹೊಲದಲ್ಲಿ ಎರೆಮಣ್ಣಿನ ಉಂಡೆಯನ್ನೇ ಬೀಸುತ್ತಿದ್ದದ್ದು ಅದಕ್ಕೇ. ಮಳೆ ಬಿದ್ದರೆ ಉಂಡೆ ಮತ್ತೆ ಹೊಲವಾಗುತ್ತದೆ. ತೊಡಕೇನೆಂದರೆ ಎರೆ ಒಣಗುವಾಗ ಬಿರಿಯುತ್ತದೆ. ಏನಾದರೂ ಬೆರೆಸಲೇಬೇಕು. ಸಗಣಿ ಮತ್ತು ಹೊಟ್ಟು ಎಂದು ನನ್ನ ವಾದ. “ಸಗಣಿ ಹಾಕಿದ್ರ ಹಗುರ ಆಗ್ತದಣ್ಣ, ಹಳ್ಳದ ಉಸುಕು ಹಾಕು,” ಎಂದು ಕಾಕಾನ ಮಗನ ಹಟ. ಈ ವರ್ಷ ಎರಡೂ ನಮೂನೆ ಕಟ್ಟಿ ಮಾಳಿಗೆಯ ಮೇಲೆ ಒಣಹಾಕಿದ್ದೇವೆ. ನೋಡಲು ಒಂದೇ ಥರ ಇರುವುದರಿಂದ ಅವನ ಉಂಡೆಗಳಿಗೆ ಹೆಬ್ಬೆರಳಿನ ಗುರುತು ಒತ್ತಿದೆ. ಮೊನ್ನೆ ಹತ್ತಿ ನೋಡಿದರೆ ಅವನು ನನ್ನವಕ್ಕೂ ನಾಲ್ಕೈದಕ್ಕೆ ಒತ್ತಿಟ್ಟಿದ್ದಾನೆ, ಬಿರಿಯದೆ ಉಳಿದವಕ್ಕೆ ಮಾತ್ರ.