‘ನಿಮ್ಮನೇಲಿ ಕರೆಂಟಿದ್ಯಾ?’

ಶಿವಮೊಗ್ಗದಲ್ಲಿ ನಮ್ಮ ಬಡಾವಣೆ ಎದ್ದಿದ್ದು ಎಂಬತ್ತರ ದಶಕದಲ್ಲಿ. ಲಿಂಗನಮಕ್ಕಿಯ ನೀರಿನಿಂದ ಹುಟ್ಟುವ ಕರೆಂಟು ನಾಡಿಗೆಲ್ಲ ಹೋಗುವುದು ನಮ್ಮ ಜಿಲ್ಲೆಯಿಂದಲೇ. ಆದರೂ ಮುಂಗಾರಿನ ಗಾಳಿ ಶುರುವಾದರೆ ನಮ್ಮಲ್ಲಿ ಕರೆಂಟು ಹೋಗುತ್ತಿತ್ತು, ಬರುತ್ತಿತ್ತು, ಎರಡು ನಿಮಿಷಕ್ಕೆ ಮತ್ತೆ ಹೋಗುತ್ತಿತ್ತು. ಆಗ ಯಾರೂ ಒಳಗೆ ಕೂರುತ್ತಿರಲಿಲ್ಲ. ಎಲ್ಲರೂ ಗೇಟಿನ ಹತ್ತಿರ ಬಂದು ಪಕ್ಕದವರನ್ನು ‘ನಿಮ್ಮನೇಲಿ ಕರೆಂಟಿದ್ಯಾ?’ ಎಂದು ಕೇಳುತ್ತಿದ್ದರು.

ಅದರ ಉತ್ತರದಲ್ಲೇ ಅರ್ಧ ರಿಪೇರಿ ಇರುತ್ತಿತ್ತು. ನಮ್ಮದೊಂದೇ ಮನೆ ಕತ್ತಲಾಗಿದ್ದರೆ ಮನೆಯ ಫ್ಯೂಸು. ಸಾಲಿನಲ್ಲಿ ಕೆಲವು ಮನೆ ಉರಿದು ಕೆಲವು ಆರಿದ್ದರೆ ಒಂದು ಫೇಸ್ ಹೋಗಿದೆ. ಎರಡು ಮೂರು ಬೀದಿ ಪೂರ್ತಿ ಆರಿದ್ದರೆ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ, ಏನೋ ಆಗಿದೆ. ತುಂಗಾ ಚಾನಲ್‌ನ ಆಚೆಗೂ ಕತ್ತಲಿದ್ದರೆ 11 ಕೆವಿ ಲೈನಿನದೇ ತೊಂದರೆ. ಸೈಕಲ್‌ನಲ್ಲಿ ಬರುತ್ತಿದ್ದ ಲೈನ್‌ಮನ್ ಕಂಬ ಹತ್ತುವ ಮೊದಲು ಜನರನ್ನು ಕೇಳುತ್ತಿದ್ದರು: ಮೊದಲು ಮಂಕಾಯಿತೋ, ಒಂದೇ ಸಲ ಹೋಯಿತೋ? ಎಲ್ಲಾದರೂ ‘ಠಪ್’ ಎಂದಿತೋ? ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಸಾಕ್ಷಿ ಹೇಳುತ್ತಿದ್ದರು.

1999ರಲ್ಲಿ ವಿದ್ಯುತ್ ಮಂಡಳಿ (ಕೆಇಬಿ) ಹೋಗಿ ನಿಗಮ ಬಂತು. 2002ರಲ್ಲಿ ವಿತರಣೆಯ ಕೆಲಸ ಕಂಪನಿಗಳಿಗೆ ಹೋಯಿತು. ಹಿರಿಯರ ಬಾಯಲ್ಲಿ ಮಾತ್ರ ಇಂದಿಗೂ ‘ಕೆಇಬಿಯವರು’ ಎಂದೇ. ಆದರೆ ನಮ್ಮ ಬೀದಿಯ ರೂಢಿಯನ್ನು ಬದಲಿಸಿದ್ದು ಈ ಯಾವುದೂ ಅಲ್ಲ, ಯುಪಿಎಸ್. ಒಂದೊಂದೇ ಮನೆಗೆ ಬ್ಯಾಟರಿ ಬಂದ ಹಾಗೆ ಗೇಟಿನ ಮುಂದೆ ನಿಲ್ಲುವವರು ಕಡಿಮೆಯಾದರು. ಫ್ಯಾನ್ ನಿಲ್ಲುತ್ತಿರಲಿಲ್ಲ, ದೀಪ ಆರುತ್ತಿರಲಿಲ್ಲ. ಕರೆಂಟು ಹೋಗಿ ಬಂದದ್ದೇ ಬಹಳ ಮಂದಿಗೆ ತಿಳಿಯುತ್ತಿರಲಿಲ್ಲ. ಲೈನ್‌ಮನ್‌ಗೆ ಸುದ್ದಿ ಕೊಡುವ ಕಣ್ಣುಗಳು ಹೀಗೆ ಕಡಿಮೆಯಾದವು.

ತೊಂದರೆ ಉಳಿದದ್ದು ಬ್ಯಾಟರಿ ಇಲ್ಲದವರಿಗೆ. ಹಿಟ್ಟಿನ ಗಿರಣಿಯವರು ಕಾಳು ತುಂಬಿದ ಕಲ್ಲನ್ನು ಮತ್ತೆ ಮತ್ತೆ ಚಾಲೂ ಮಾಡಬೇಕು, ಪ್ರತಿ ಸಲವೂ ಮೋಟಾರಿಗೆ ಪೆಟ್ಟು. ಮೋಟಾರ್ ಹಾಕಿದ ಮಿಷನ್‌ನಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳ ಕೆಲಸ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಒಂದು ನಿಮಿಷದ ಕಡಿತಕ್ಕೆ ದೂರು ಕೊಡುವುದಾದರೂ ಹೇಗೆ? ಫೋನ್ ಹಚ್ಚುವಷ್ಟರಲ್ಲಿ ಕರೆಂಟು ಬಂದಿರುತ್ತಿತ್ತು. ಲೆಕ್ಕದಲ್ಲೂ ಅದಕ್ಕೆ ಜಾಗ ಕಡಿಮೆ. ಜಗತ್ತಿನ ಹಲವೆಡೆ ಬಳಸುವ ಐಇಇಇ ಮಾನದಂಡದಲ್ಲಿ 5 ನಿಮಿಷ ಮೀರದ ಕಡಿತ ‘ಕ್ಷಣಿಕ’. ಪೂರೈಕೆ ಎಷ್ಟು ಚೆನ್ನಾಗಿದೆ ಎಂದು ತೋರಿಸುವ ಮುಖ್ಯ ಸೂಚ್ಯಂಕಗಳಲ್ಲಿ ಅದು ಸೇರುವುದೇ ಇಲ್ಲ.

ಒಂದು ಮಳೆಗಾಲ ಈ ಕಾಟ ಮಿತಿಮೀರಿದಾಗ ನಮ್ಮ ಬೀದಿಯ ನಿವೃತ್ತ ಮೇಡಂ ಒಬ್ಬರು ನೋಟ್‌ಬುಕ್ ತೆಗೆದರು. ಹೋದ ಹೊತ್ತು, ಬಂದ ಹೊತ್ತು, ಗಾಳಿಯಿತ್ತೇ, ಮಳೆಯಿತ್ತೇ, ಯಾವ ಯಾವ ಬೀದಿ ಆರಿತ್ತು ಎಂದು ಬರೆಯತೊಡಗಿದರು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಳೆಯ ಪ್ರಶ್ನೆಯನ್ನೇ ಕೇಳಿದರು. ಕೆಲವೇ ವಾರಗಳಲ್ಲಿ ಒಂದೆಂದುಕೊಂಡಿದ್ದ ಕಾಯಿಲೆ ಎರಡೆಂದು ತಿಳಿಯಿತು. ಗಾಳಿ ಬೀಸಿದಾಗ ಇಡೀ ಬಡಾವಣೆ ಆರುತ್ತಿತ್ತು. ಗಾಳಿ ಮಳೆ ಏನೂ ಇಲ್ಲದಿದ್ದರೂ ಬೆಳಿಗ್ಗೆ ಗೀಸರ್ ಹಾಕುವ ಹೊತ್ತಿಗೆ ಎರಡು ಬೀದಿ ಮಾತ್ರ ಮಿಣಿಮಿಣಿ ಎಂದು ಆರುತ್ತಿದ್ದವು.

ಆ ಪುಟಗಳನ್ನು ಹಿಡಿದು ಲೈನ್‌ಮನ್ ಮಳೆಯಲ್ಲೇ ಲೈನಿನ ಗುಂಟ ನಡೆದರು. ಹಳ್ಳದ ಬದಿಯಲ್ಲಿ ಅಕೇಶಿಯಾ ಮರದ ಕೊಂಬೆಯೊಂದು ತಂತಿಯ ಕಡೆ ಬಾಗಿತ್ತು, ತುದಿಯ ಎಲೆಗಳು ಸುಟ್ಟು ಕರಕಲಾಗಿದ್ದವು. ಒದ್ದೆ ಕೊಂಬೆ ತಂತಿಗೆ ತಾಗಿದರೆ ಕರೆಂಟು ಮರದ ಮೂಲಕ ನೆಲಕ್ಕೆ ಹರಿಯುತ್ತದೆ, ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಟ್ರಿಪ್ ಆಗುತ್ತದೆ. ಕೊಂಬೆ ಹಿಂದೆ ಸರಿದಿದ್ದರೆ ಮತ್ತೆ ಚಾರ್ಜ್ ಮಾಡಿದಾಗ ಲೈನ್ ಟ್ರಿಪ್ ಆಗದೆ ಉಳಿಯುತ್ತದೆ. ಮುಂದಿನ ಗಾಳಿಗೆ ಮತ್ತದೇ ಕಥೆ. ಮೇಲಿನ ತಂತಿಗಳಲ್ಲಿ ಬರುವ ದೋಷಗಳಲ್ಲಿ ಬಹುಪಾಲು ಇಂಥ ಬಂದು ಹೋಗುವ ದೋಷಗಳೇ. ಇನ್ನೊಂದು ಕಾಯಿಲೆ ಟಿಸಿಯಲ್ಲಿತ್ತು. ಸಡಿಲವಾಗಿದ್ದ ಜೋಡಣೆಯೊಂದು ಲೋಡ್ ಏರಿದಾಗಲೆಲ್ಲ ಕಾದು ಕಪ್ಪಾಗಿತ್ತು.

ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು, ಲೈನಿಗೆ ಅರ್ಥಿಂಗ್ ಕೊಟ್ಟು ಕೊಂಬೆ ಕಡಿದರು. ಟಿಸಿಯ ಜೋಡಣೆ ಬದಲಾಯಿತು. ಮರದ ಬುಡದಲ್ಲಿ ಜನ ಕತ್ತಿ ಹಿಡಿದು ನಿಂತಿದ್ದರೂ ಲೈನ್‌ಮನ್ ಯಾರನ್ನೂ ಹತ್ತಿರ ಬಿಡಲಿಲ್ಲ. ತಂತಿಯ ಹತ್ತಿರದ ಕೊಂಬೆ ಮುಟ್ಟುವುದು ನಮ್ಮ ಕೆಲಸವಲ್ಲ, ಅದರಲ್ಲಿ ಜೀವ ಹೋಗುತ್ತದೆ.

ಈಗ ಪ್ರತಿ ವರ್ಷ ಮಳೆಗೆ ಮೊದಲು ನಾವು ಲೈನಿನ ಹಾದಿ ನೋಡಿಕೊಂಡು ಬಂದು, ಬಾಗಿದ ಮರಗಳ ಪಟ್ಟಿಯನ್ನು ಕಂಬದ ನಂಬರಿನ ಸಮೇತ ಕೊಡುತ್ತೇವೆ. ತಂತಿಯ ಕೆಳಗೆ ನಂದಿಬಟ್ಟಲು, ದಾಸವಾಳ ನೆಟ್ಟಿದ್ದೇವೆ. ಈಗ ಬೈಕಿನಲ್ಲಿ ಬರುವ ಹೊಸ ಪವರ್‌ಮ್ಯಾನ್‌ಗೆ ಆ ನೋಟ್‌ಬುಕ್ ಗೊತ್ತು. ಕಡಿತ ಪೂರ್ತಿ ನಿಂತಿಲ್ಲ. ಆದರೆ ಕಾರಣ ಗೊತ್ತಿಲ್ಲದ ಕಡಿತ ಅಪರೂಪ. ಬ್ಯಾಟರಿ ಕೊಂಡವರು ತಮ್ಮ ಮನೆಯ ಕತ್ತಲನ್ನಷ್ಟೇ ಕಳೆದುಕೊಂಡಿದ್ದರು. ಬರೆದಿಟ್ಟ ಪುಟಗಳಿಂದ ಗಿರಣಿಗೂ ಹೊಲಿಗೆ ಮಿಷನ್ನಿಗೂ ಕರೆಂಟು ಸರಿಯಾಗಿ ಸಿಕ್ಕಿತು. ಯುಪಿಎಸ್ ಇದ್ದವರೇ ಮೊದಲು ಕರೆಂಟು ಹೋದದ್ದನ್ನು ಗಮನಿಸಿ ಬರೆಯಬೇಕು ಎಂಬುದು ನನ್ನ ಕೋರಿಕೆ.