ಮಿರಜಿನ ತಂಬೂರಿ

ಹೆಂಗಸರ ಆಸೆ ಎಂದರೆ ಬಂಗಾರ, ಇಲ್ಲವೆ ರೇಷ್ಮೆ ಸೀರೆ ಎಂದು ಗಂಡಸರು ಬಹಳ ಸಲೀಸಾಗಿ ಹೇಳಿಬಿಡುತ್ತಾರೆ. ಬಂಗಾರ ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗೂ ಇಲ್ಲ. ಆದರೆ ಹದಿನಾಲ್ಕನೆಯ ವಯಸ್ಸಿನಿಂದ ಅರವತ್ತು ದಾಟುವವರೆಗೆ ನಾನು ಮನಸ್ಸಿನಲ್ಲೇ ಇಟ್ಟುಕೊಂಡು ಬಂದ ಆಸೆ ಬೇರೆಯೇ ಒಂದಿತ್ತು. ಒಂದು ದೊಡ್ಡ ಸೋರೆಬುರುಡೆ, ಅದಕ್ಕೊಂದು ಉದ್ದನೆಯ ದಂಡಿ, ಮೇಲೆ ನಾಲ್ಕು ತಂತಿ. ಅದನ್ನು ಮೈಮೇಲೆ ಹಾಕಿಕೊಂಡು ಮದುವೆ ಮನೆಗೆ ಹೋಗುವಂತಿಲ್ಲ, ಟ್ರಂಕಿನಲ್ಲಿಟ್ಟು ಕೀಲಿ ಹಾಕುವಂತಿಲ್ಲ. ಇಷ್ಟೆಲ್ಲ ಮಾಡಿ ಅದರಲ್ಲಿ ಒಂದು ಹಾಡು ನುಡಿಸೋಣವೆಂದರೆ ಅದೂ ಬರುವುದಿಲ್ಲ. ಅಂಥದ್ದರ ಮೇಲೆ ಇದೆಂಥ ಮೋಹ ಎಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಮ್ಮ ಮನೆಯವರೂ ನಕ್ಕಿದ್ದಾರೆ.

ನನ್ನ ತವರು ಲಕ್ಷ್ಮೇಶ್ವರ, ಹಳೆಗನ್ನಡದವರ ಪುಲಿಗೆರೆ. ಸೋಮೇಶ್ವರನ ಗುಡಿಯೂ ದೂದಪೀರಾ ದರ್ಗಾವೂ ಇರುವ ಊರು. ಸುತ್ತಲಿನ ಹಳ್ಳಿಗಳು ಬೇರೆ ಬೇರೆಯವರ ಕೈಯಲ್ಲಿದ್ದರೂ ನಮ್ಮ ಊರು 1948ರವರೆಗೆ ಮಿರಜಿನ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ನಮ್ಮ ಆಯಿಯ ಬಾಯಲ್ಲಿ ಸ್ವಾತಂತ್ರ್ಯ ಬಂದು ಹದಿನೈದು ವರ್ಷವಾದರೂ ‘ಮಿರಜಿ ಸರಕಾರ’ ಹೋಗಿರಲಿಲ್ಲ. “ನಮ್ಮ ಕಂದಾಯದ ರೊಕ್ಕೆಲ್ಲಾ ಮಿರಜಿಗೆ ಹೋತವಾ, ಅಲ್ಲಿಂದ ಈ ಕಡೆ ಏನ ಬಂತ ಅಂತೀ?” ಎಂದು ಕೇಳುತ್ತಿದ್ದಳು. ಅಲ್ಲಿಂದ ಏನು ಬರಬಹುದಿತ್ತು ಎನ್ನುವುದು ನನಗೆ ಗೊತ್ತಾದದ್ದು ರೇಡಿಯೊದಿಂದ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಪಡಸಾಲೆಗೆ ರೇಡಿಯೊ ಬಂದದ್ದು ಹತ್ತು ಹನ್ನೆರಡು ವರ್ಷ ತಡವಾಗಿ. ರಾತ್ರಿ ಊಟವಾದ ಮೇಲೆ ಶಾಸ್ತ್ರೀಯ ಸಂಗೀತ ಹಚ್ಚಿದರೆ, ಹಾಡುವವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗುಂಯ್ ಎಂದು ಒಂದು ದನಿ ಎದ್ದು ಮನೆಯನ್ನೆಲ್ಲ ತುಂಬುತ್ತಿತ್ತು. ಆಯಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, “ಅವರ ಹಿಂದ ಜೇನ ಎದ್ದಾವೇನ ನೋಡವಾ” ಎನ್ನುವಳು. ನಮಗೆ ಹಾಡು ಕಲಿಸಲು ಬರುತ್ತಿದ್ದ ಮಾಸ್ತರರು ಒಂದು ದಿನ ಇದನ್ನು ಕೇಳಿ ನಕ್ಕು, “ಜೇನಲ್ಲ ಆಯಿ, ಅದು ತಂಬೂರಿ. ಮಿರಜಿಂದು” ಎಂದರು.

ತಂಬೂರಿ ಎಂದರೆ ನಮಗೆ ಆವರೆಗೆ ಭಜನೆಯವರ ಹೆಗಲ ಮೇಲಿನ ಏಕತಾರಿ. ಶಿಶುನಾಳ ಶರೀಫರ ಪದ ಹೇಳುವವರು ಅದನ್ನು ಮೀಟುತ್ತ ಓಣಿ ಓಣಿ ತಿರುಗುವುದನ್ನು ನೋಡಿದ್ದೆವು. ಇದು ಅಂಥದ್ದಲ್ಲವಂತೆ, ಆಳೆತ್ತರ ಇರುತ್ತದಂತೆ, ಅದಕ್ಕೆ ‘ಜವಾರಿ’ ಎಂದು ಒಂದಿರುತ್ತದಂತೆ. ನಮ್ಮ ಕಡೆ ಜವಾರಿ ಎಂದರೆ ನಾಟಿ. ಜವಾರಿ ಬದನೆಕಾಯಿ, ಜವಾರಿ ಕೋಳಿ. ತಂಬೂರಿಯ ಜವಾರಿ ಬೇರೆ. ತಂತಿಗಳು ಹಾಯುವ ಕುದುರೆ ಇದೆಯಲ್ಲ, ಅದರ ಮೈಯನ್ನು ಬಲು ನಾಜೂಕಾಗಿ ತುಸುವೇ ಇಳಿಜಾರಾಗಿ ತೀಡುತ್ತಾರೆ. ತಂತಿಗೂ ಕುದುರೆಗೂ ನಡುವೆ ಒಂದೊಂದು ದಾರದ ಎಳೆ ಸೇರಿಸುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ತಂತಿ ಕುದುರೆಯನ್ನು ತಾಕಿಯೂ ತಾಕದ ಹಾಗೆ ನಡುಗಿ, ಒಂದೇ ತಂತಿಯಿಂದ ಹತ್ತು ದನಿ ಎದ್ದ ಹಾಗೆ ಕೇಳುತ್ತದೆ. ಆಯಿಯ ಜೇನು ಅದೇ. ಇಷ್ಟನ್ನು ಮಾಸ್ತರರು ಕೈಯಲ್ಲಿ ಗಾಳಿಯನ್ನೇ ಹಿಡಿದು ತೋರಿಸಿದರು. ಅವರ ಬಳಿಯೂ ತಂಬೂರಿ ಇರಲಿಲ್ಲ. ಒಂದು ಹಾರ್ಮೋನಿಯಂ ಇತ್ತು.

ನಾವು ಹಾರ್ಮೋನಿಯಂ ಮುಂದೆ ಕೂತು ಹಾಡು ಕಲಿತದ್ದು ಯಾತಕ್ಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬಂದವರು, “ಹಾಡು ಬರತೈತೇನ ತಂಗಿ?” ಎಂದರೆ ಒಂದು ದೇವರ ನಾಮವೋ ವಚನವೋ ಬಾಯಿಗೆ ಬರಬೇಕು, ಅಷ್ಟೆ. ಹಾರ್ಮೋನಿಯಂನಲ್ಲಿ ಸ್ವರಗಳೆಲ್ಲ ಸಿದ್ಧವಾಗಿಯೇ ಇರುತ್ತವೆ. ಮನೆ ಒತ್ತಿದರೆ ಸ್ವರ ಬರುತ್ತದೆ, ಅದರ ಹಿಂದೆ ಬಾಯಿ ಹೋಗುತ್ತದೆ. ತಪ್ಪಿದರೂ ಅದರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ನೋಡಲು ಬಂದವರಿಗೆ ಅಷ್ಟು ಸಾಕು.

ತಂಬೂರಿಯ ಹುಚ್ಚು ಹಿಡಿದವಳು ನಾನೊಬ್ಬಳೇ ಅಲ್ಲ ಎನ್ನುವುದು ಆಮೇಲೆ ತಿಳಿಯಿತು. ನಮ್ಮ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಚಿಕ್ಕವರಿದ್ದಾಗ ಹಾರ್ಮೋನಿಯಂ, ತಂಬೂರಿ ಕಂಡರೆ ಮೈಮರೆಯುತ್ತಿದ್ದರಂತೆ. ಬೀದಿಯಲ್ಲಿ ಬಾಜಾ ಬಜಂತ್ರಿ ಹೊರಟರೆ ಅದರ ಬೆನ್ನು ಹತ್ತಿ ಹೋಗಿ, ದಣಿದು, ಎಲ್ಲೋ ಒಂದು ಕಡೆ ಮಲಗಿಬಿಡುವುದು. ಹುಡುಕಿ ಹುಡುಕಿ ಸಾಕಾದ ತಂದೆ, ಇಂಥ ಜೋಶಿ ಮಾಸ್ತರರ ಮಗ ಎಂದು ಅಂಗಿಯ ಮೇಲೆಯೇ ಬರೆದುಬಿಟ್ಟರಂತೆ. ಹನ್ನೊಂದು ವರ್ಷದವರಾಗಿದ್ದಾಗ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟು ಹೋದರು. ಊರೂರು ಅಲೆದು ಕೊನೆಗೆ ಗುರು ಸಿಕ್ಕಿದ್ದು ನಮ್ಮ ಪಕ್ಕದ ಕುಂದಗೋಳದಲ್ಲೇ, ಸವಾಯಿ ಗಂಧರ್ವರ ಬಳಿ. ಗಂಡು ಹುಡುಗ ಓಡಿಹೋದರೆ ಅದು ಮುಂದೆ ಕಥೆಯಾಗುತ್ತದೆ. ಹೆಣ್ಣು ಹುಡುಗಿ ಓಡಿಹೋಗುವುದಿರಲಿ, ತಂಬೂರಿ ನೋಡಬೇಕು ಎಂದರೂ ಜೊತೆಗೆ ಯಾರಾದರೂ ಬೇಕಾಗುತ್ತದೆ.

ನನಗೆ ಆ ಜೊತೆ ಸಿಕ್ಕಿದ್ದು 1964ರಲ್ಲಿ. ದೊಡ್ಡವ್ವ ಏನೋ ಹರಕೆ ಹೊತ್ತು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೊರಟವಳು ನನ್ನನ್ನೂ ಕರೆದುಕೊಂಡು ಹೋದಳು. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ ಅದು. ಅವರು 1944ರಲ್ಲಿ ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು ನಡೆಸಿಕೊಂಡು ಬಂದಿದ್ದರು. ಗುರುವೂ ಅಂಧರು, ಶಿಷ್ಯರೂ ಅಂಧರು.

ಒಂದು ಕೋಣೆಯ ಮೂಲೆಯಲ್ಲಿ ಅದು ಗೋಡೆಗೆ ಒರಗಿ ನಿಂತಿತ್ತು. ನಾನು ಬಾಗಿಲಲ್ಲೇ ನಿಂತೆ. ನನಗಿಂತ ಎತ್ತರವಿತ್ತು. ಬುರುಡೆಯ ಬಣ್ಣ ಹದವಾಗಿ ಕಾಯಿಸಿದ ಬೆಲ್ಲದ ಪಾಕದ ಹಾಗಿತ್ತು. ದಂಡಿಯ ಬುಡದಲ್ಲಿ ಬುರುಡೆಯನ್ನು ಅಪ್ಪಿಕೊಂಡ ಹಾಗೆ ಮರದ ಎಲೆಗಳನ್ನು ಕೆತ್ತಿದ್ದರು. ಇಷ್ಟು ದಿನ ರೇಡಿಯೊದಲ್ಲಿ ಬರೀ ದನಿಯಾಗಿದ್ದದ್ದಕ್ಕೆ ಇಷ್ಟು ದೊಡ್ಡ ಹೊಟ್ಟೆ, ಇಷ್ಟು ಉದ್ದ ಕೊರಳು ಇದೆಯಲ್ಲ ಎಂದು ನೋಡುತ್ತಲೇ ನಿಂತೆ. ಒಳಗೆ ಕೂತಿದ್ದ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ನನ್ನ ಬಳೆಯ ಸದ್ದು ಕೇಳಿಸಿರಬೇಕು.

“ಯಾರವಾ? ತಂಬೂರಿ ನೋಡಾಕ ಬಂದೀಯೇನ? ದೂರ ನಿಂತರ ಕಾಣೂದಿಲ್ಲ, ಬಂದು ಮುಟ್ಟಿ ನೋಡು” ಎಂದರು.

ಅವರಿಗೆ ಕಣ್ಣಿರಲಿಲ್ಲ. ಬುರುಡೆಯ ಮೇಲೆ ಅಂಗೈ ಇಟ್ಟು, ದಂಡಿಯ ಗುಂಟ ಸರಿಸುತ್ತ ಬಿರಡೆಗಳವರೆಗೆ ಹೋಗಿ, ಮತ್ತೆ ಇಳಿದು ಬಂದು, ತಂತಿಯ ಕೆಳಗೆ ಪೋಣಿಸಿದ ಸಣ್ಣ ಮಣಿಗಳವರೆಗೆ ಒಂದೊಂದನ್ನೂ ಹೆಸರು ಹೇಳಿ ತೋರಿಸಿದರು. ತಾವು ಮೊದಲ ಸಲ ಅದನ್ನು ಹಾಗೇ ನೋಡಿದ್ದಂತೆ, ಒಂಬತ್ತು ವರ್ಷದವರಿದ್ದಾಗ. ಆಮೇಲೆ ನನ್ನನ್ನು ಕೂರಿಸಿ ಮೀಟಲು ಹೇಳಿಕೊಟ್ಟರು. ಮೊದಲ ತಂತಿಗೆ ನಡುಬೆರಳು, ಅದು ಪಂಚಮ. ಉಳಿದ ಮೂರಕ್ಕೆ ತೋರುಬೆರಳು. ನಡುವಿನ ಎರಡು ಜೋಡಿ ಷಡ್ಜ, ಕೊನೆಯ ಹಿತ್ತಾಳೆಯದು ಖರ್ಜ, ಅಂದರೆ ಕೆಳಗಿನ ಷಡ್ಜ. ಆ ಕೊನೆಯ ತಂತಿ ಮೀಟಿದಾಗ ದನಿ ಕಿವಿಗೆ ಬರುವ ಮೊದಲು ತೊಡೆಗೆ, ಪಕ್ಕೆಲುಬಿಗೆ ಬಂತು.

“ಇದರಾಗ ಹಾಡು ಹೆಂಗ ನುಡಸೂದ್ರಿ?” ಎಂದೆ.

“ಇದು ಹಾಡು ನುಡಸೂದಿಲ್ಲವಾ. ಸಾ ಕೊಡತೈತಿ, ಪಾ ಕೊಡತೈತಿ. ಉಳದದ್ದು ನೀನ ಹುಡುಕಬೇಕು. ಸಿಕ್ಕರ ಅದಕ್ಕ ಗೊತ್ತಾಗತೈತಿ, ನಿನಗೂ ಗೊತ್ತಾಗತೈತಿ.”

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಹೋಯಿತು. ನಮ್ಮಂಥ ಮನೆಗಳ ಹುಡುಗಿಯರಿಗೆ ಆಸರೆ ಕೊಡುವವರು ಬಹಳ ಜನ. ಆದರೆ ಆಸರೆಯ ಜೊತೆಗೆ ಹೀಗೆ ನಡಿ, ಹಾಗೆ ಕೂಡು ಎಂಬ ಅಪ್ಪಣೆಯೂ ಬರುತ್ತದೆ. ಬೆನ್ನಿಗೆ ನಿಂತು, ಮುಂದಿನ ಹೆಜ್ಜೆ ಎಲ್ಲಿ ಇಡಬೇಕೆಂದು ಹೇಳದೆ ಸುಮ್ಮನಿರುವ ಒಂದನ್ನು ನಾನು ಮೊದಲ ಬಾರಿ ಕಂಡದ್ದು ಅಲ್ಲಿ.

ಮನೆಗೆ ಬಂದು ಅಪ್ಪನ ಮುಂದೆ ಬಾಯಿಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ. “ಆ ರೊಕ್ಕದಾಗ ಒಂದು ಎಮ್ಮಿ ಬರತೈತಿ” ಎಂದಷ್ಟೆ ಹೇಳಿದರು. ಎಮ್ಮೆ ಹಾಲು ಕೊಡುತ್ತದೆ, ತಂಬೂರಿ ಬರೀ ಸಾ ಪಾ ಕೊಡುತ್ತದೆ, ಲೆಕ್ಕದಲ್ಲಿ ಅಪ್ಪ ಗೆದ್ದರು. ಹಿರಿಯರ ಅಂಜಿಕೆ ಬೇರೆ ಇತ್ತು. ಹಾರ್ಮೋನಿಯಂ ಸಂಸಾರಸ್ಥರ ಮನೆಯ ವಾದ್ಯ, ತಂಬೂರಿ ಹಿಡಿದವಳು ಕಚೇರಿಯ ಹಾಡುಗಾರ್ತಿ. ಹಾಡುವ ಹೆಂಗಸನ್ನು ಊರು ಹೇಗೆ ನೋಡುತ್ತಿತ್ತು ಎನ್ನುವುದನ್ನು ಗಂಗೂಬಾಯಿ ಹಾನಗಲ್ಲರೇ ಹೇಳಿಕೊಂಡಿದ್ದಾರೆ. ಧಾರವಾಡದ ಬೀದಿಯಲ್ಲಿ ಹೋಗುವಾಗ ಜನ ಅಣಕಿಸುತ್ತಿದ್ದರಂತೆ. ಅದೇ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಪಾಠ ಮುಗಿದ ಮೇಲೆ ಭೀಮಸೇನರು ಸ್ಟೇಶನ್ನಿನವರೆಗೆ ಜೊತೆಗೆ ಬಂದು ಬಿಡುತ್ತಿದ್ದರಂತೆ. ಮೊದಲಿಗೆ ಸಣ್ಣಗೆ ಇಂಪಾಗಿದ್ದ ಅವರ ದನಿ ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಡಸರ ದನಿಯ ಹಾಗೆ ದಪ್ಪಗಾಯಿತು. ಅವರು ಅದನ್ನು ಮರೆಮಾಡಲಿಲ್ಲ. ಆ ದನಿಯಲ್ಲೇ ಹಾಡಿದರು, ಜನ ಆ ದನಿಗಾಗಿಯೇ ಕಾದು ಕೂತು ಕೇಳಿದರು.

1970ರಲ್ಲಿ ನನ್ನ ಮದುವೆಯಾಗಿ ಬೆಟಗೇರಿಗೆ ಬಂದೆ. ನೇಕಾರರ ಓಣಿ. ಬೆಳಗಾದರೆ ಗೋಡೆಯ ಆಚೆ ಮಗ್ಗದ ಲಟಪಟ. ಅತ್ತೆ, ಮಕ್ಕಳು, ಬಂದು ಹೋಗುವವರು, ಹಪ್ಪಳ ಸಂಡಿಗೆ. ಹಾಡು ಅಡುಗೆ ಮನೆಗೆ ಸರಿಯಿತು. ಬೆಂಗಳೂರಿನಲ್ಲಿ 1979ರಲ್ಲಿ ವಿದ್ಯುತ್ ತಂಬೂರಿ ತಯಾರಾಯಿತು. ನಮ್ಮ ಮನೆಗೆ ಆ ಪೆಟ್ಟಿಗೆಯನ್ನು ಮಗ ತಂದುಕೊಟ್ಟದ್ದು 1994ರಲ್ಲಿ. ನಾನು ಅದನ್ನು ಹಳಿಯುವುದಿಲ್ಲ. ಮಸಾಲೆ ಡಬ್ಬಿಗಳ ಸಾಲಿನಲ್ಲಿಟ್ಟು ಗುಂಡಿ ತಿರುಗಿಸಿದರೆ ಸಾಕು, ರೊಟ್ಟಿ ಬಡಿಯುತ್ತಲೂ ರಿಯಾಜ್ ಆಗುತ್ತಿತ್ತು. ನನ್ನಂಥ ಎಷ್ಟೋ ಜನರ ಕೊರಳನ್ನು ಅದು ಬದುಕಿಸಿದೆ. ಆದರೆ ಅದು ತೊಡೆಗೆ, ಪಕ್ಕೆಲುಬಿಗೆ ಬರುತ್ತಿರಲಿಲ್ಲ.

ಮಿರಜಿಗೆ ಹೋದದ್ದು 2012ರಲ್ಲಿ, ಅರವತ್ತೆರಡನೆಯ ವಯಸ್ಸಿಗೆ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡು ಸೀರೆಯ ಮಡಿಕೆಯಲ್ಲಿತ್ತು. ವಾದ್ಯ ಮಾಡುವವರ ಓಣಿಯ ಅಂಗಡಿಗಳಲ್ಲಿ ಮಾಡಿನಿಂದ ಬುರುಡೆಗಳನ್ನು ಇಳಿಬಿಟ್ಟಿದ್ದರು. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಕಹಿ ಸೋರೆ, ತಿಂಗಳುಗಟ್ಟಲೆ ಒಣಗಿಸಿದ್ದು. ಈ ಕುಶಲಕರ್ಮಿಗಳ ಹಿರಿಯರು ಶಿಕಲಗಾರರು, ಕತ್ತಿ ಆಯುಧ ಮಾಡುವವರು. ರಾಜರ ಯುದ್ಧಗಳು ನಿಂತು ಕತ್ತಿ ಕೇಳುವವರಿಲ್ಲವಾದಾಗ, ಸುಮಾರು 1850ರ ಹೊತ್ತಿಗೆ, ಫರೀದಸಾಹೇಬರು ಮೊದಲಾದವರು ಸಿತಾರ, ತಂಬೂರಿ ಮಾಡಲು ಹತ್ತಿದರು. ಈ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಅದೇ ಊರಿನ ಮೀರಾಸಾಹೇಬರ ದರ್ಗಾದಲ್ಲಿ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಮ್ ಖಾನರ ಗೋರಿ ಇದೆ. 1937ರಲ್ಲಿ ಪಾಂಡಿಚೇರಿಗೆ ಹೋಗುವಾಗ ಮೈಗೆ ಹುಷಾರು ತಪ್ಪಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆಯೇ ತಂಬೂರಿ ಶ್ರುತಿ ಮಾಡಿಸಿ, ದೇವರನ್ನು ನೆನೆದು ಹಾಡಿ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಅಲ್ಲಿ ಕೈಮುಗಿದು ಅಂಗಡಿಗೆ ಬಂದೆ.

ವಯಸ್ಸಾದ ಕಾರೀಗರರು ಮರಾಠಿ ಬೆರೆಸಿದ ಕನ್ನಡದಲ್ಲಿ, “ಯಾರಿಗೆ ಬೇಕ್ರಿ ಬಾಯಿ? ಮೊಮ್ಮಗಳಿಗೇನ್ರಿ?” ಎಂದರು.

“ನನಗ” ಎಂದೆ.

“ಹಂಗಾರ ಒಂದು ಸಾ ಹಚ್ರಿ.”

ಅಂಗಡಿಯಲ್ಲಿ ಐದಾರು ಗಂಡಸರಿದ್ದರು. ಹೊರಗೆ ರಿಕ್ಷಾಗಳ ಹಾರ್ನು. ಅಡುಗೆ ಮನೆಯ ಆಚೆಗೆ ನಾನು ಬಾಯಿಬಿಟ್ಟು ಹಾಡಿ ನಲವತ್ತು ವರ್ಷವಾಗಿತ್ತು. ಕಣ್ಣು ಮುಚ್ಚಿ ಸಾ ಹಚ್ಚಿದೆ. ಹುಡುಗಿಯಾಗಿದ್ದಾಗ ಕಪ್ಪು ಐದರಲ್ಲಿ ಹಾಡುತ್ತಿದ್ದ ಕೊರಳು ಈಗ ಬಿಳಿ ನಾಲ್ಕಕ್ಕೆ ಇಳಿದಿತ್ತು. ಸೊಸೆ ತೋರಿಸಿದ್ದ, ಚಂದನೆಯ ಹೂವಿನ ಕೆಲಸದ ಸಣ್ಣ ಲೇಡೀಸ್ ತಂಬೂರಿಯನ್ನು ಅವರು ಪಕ್ಕಕ್ಕೆ ಸರಿಸಿದರು. “ಇದು ನಿಮ್ಮ ಆವಾಜಿಗೆ ಸಾಲೂದಿಲ್ಲ” ಎಂದು ಒಳಗಿನಿಂದ ದೊಡ್ಡದೊಂದನ್ನು ಹೊತ್ತು ತಂದರು. ತಂತಿ ಏರಿಸಿ, ಎಳೆ ಸರಿಸಿ, ಮಣಿ ಜಾರಿಸಿ ನನ್ನ ಸಾಕ್ಕೆ ಕೂರಿಸಲು ಅರ್ಧ ತಾಸು ಹಿಡಿಯಿತು. ದಪ್ಪಗಾಯಿತೆಂದು ನಾನು ನಾಚಿಕೊಂಡಿದ್ದ ದನಿಗೆ ಹೊಂದುವ ಬುರುಡೆ ಎಲ್ಲೋ ಒಂದು ಹೊಲದಲ್ಲಿ ಬೆಳೆದು, ಒಣಗಿ, ಸಿದ್ಧವಾಗಿ ಕೂತಿತ್ತು.

ತಂಬೂರಿ ಈಗ ನಮ್ಮ ನಡುಮನೆಯಲ್ಲಿದೆ. ಜವಾರಿಯ ಎಳೆ ಸವೆದರೆ ದೂರ ಹೋಗಬೇಕಾಗಿಲ್ಲ. ಪಕ್ಕದ ಮನೆಯ ಸೊಸೆ ಮಗ್ಗದ ನೂಲಿನಲ್ಲಿ ಒಂದು ಗೇಣು ಕತ್ತರಿಸಿ ತಂದುಕೊಡುತ್ತಾಳೆ. ಹಾಗೆ ಬಂದವಳು ಒಂದು ದಿನ, “ಅಕ್ಕಾರ, ನಾ ಒಂದೀಟು ಬಾರಸ್ಲೇನ್ರಿ?” ಎಂದು ಕೂತಳು. ಈಗ ಸೋಮವಾರ ಮಗ್ಗಕ್ಕೆ ಬಿಡುವಿದ್ದಾಗ ಬಂದು, ನಾನು ಹಾಡುವಷ್ಟು ಹೊತ್ತೂ ಬುರುಡೆಯನ್ನು ತೊಡೆಗೆ ಆನಿಸಿಕೊಂಡು ಮೀಟುತ್ತಾಳೆ. ಹಾಡು ಕಲಿಯುತ್ತೇನೆ ಎಂದು ಅವಳು ಹೇಳಿಲ್ಲ, ಕಲಿ ಎಂದು ನಾನೂ ಹೇಳಿಲ್ಲ. ಹೋದ ವಾರ ನಾನು ನೀರು ಕುಡಿಯಲು ಎದ್ದು ಹೋದಾಗ ಅವಳು ಮೀಟುವುದನ್ನು ನಿಲ್ಲಿಸಲಿಲ್ಲ. ತುಟಿ ಮುಚ್ಚಿಕೊಂಡೇ ಸಣ್ಣಗೆ ಏನನ್ನೋ ಹುಡುಕುತ್ತಿದ್ದಳು. ಗಾಂಧಾರದ ಹತ್ತಿರ ಬಂದಿದ್ದಳು. ನಾನು ತಂಬಿಗೆ ಕೆಳಗಿಡದೆ ಒಳಗೇ ನಿಂತುಕೊಂಡೆ.