ಮೊದಲು ಕೇಳಬೇಕು

ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ನಗುತ್ತ ಕೇಳಿದರು: "ನೀವು ಕ್ರೈಸ್ತರಲ್ಲವೇ? ಇಷ್ಟು ವರುಷವಾದರೂ ನಮಗ್ಯಾರಿಗೂ ಸುವಾರ್ತೆ ಹೇಳಲೇ ಇಲ್ಲವಲ್ಲ!" ನಾವೂ ನಕ್ಕೆವು. ಹೋಳಿಗೆಗೆ ತುಪ್ಪ ಬಿತ್ತು, ಮಾತು ಬೇರೆಡೆಗೆ ಹೊರಳಿತು. ಆದರೆ ಜೋಕಾಕ್ಕೆ ಹಿಂತಿರುಗುವ ದಾರಿಯುದ್ದಕ್ಕೂ ಗಂಡ ಹೆಂಡತಿ ನಾವಿಬ್ಬರೂ ಮೌನವಾಗಿದ್ದೆವು. ಕೊಡಬೇಕಾದ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆ. ಅದನ್ನೇ ಈಗ ಇಲ್ಲಿ ಬರೆಯುತ್ತಿದ್ದೇವೆ.

ನಾವು ಧಾರವಾಡದ ಕಡೆಯವರು. 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ನೆಲೆಯೂರಿದ ಮೇಲೆ ಹುಟ್ಟಿದ ಸಭೆಗೆ ಸೇರಿದ ಮನೆತನ. ನಮ್ಮ ಅಜ್ಜ ಉಪದೇಶಿಯಾಗಿದ್ದರು. ಸಂತೆ, ಜಾತ್ರೆಗಳಲ್ಲಿ ನಿಂತು ಸುವಾರ್ತೆ ಸಾರುವುದು ಅವರ ಕೆಲಸ. ಕೆಲವರು ಕೇಳುತ್ತಿದ್ದರು, ಕೆಲವರು ಗೇಲಿ ಮಾಡುತ್ತಿದ್ದರು. ಅಜ್ಜ ಮಾತ್ರ ಸಂತೆಗೆ ಹೋದೊಡನೆ ಬಾಯಿ ತೆರೆಯುತ್ತಿರಲಿಲ್ಲವಂತೆ. ಮಳೆ ಹೇಗಾಯಿತು, ಎತ್ತಿಗೆ ಏನಾಯಿತು ಎಂದು ವಿಚಾರಿಸಿಕೊಂಡು, ಮರದಡಿ ಕುಳಿತು ಎಲೆಯಡಿಕೆ ಹಂಚಿಕೊಂಡ ಮೇಲೆಯೇ ಪುಸ್ತಕ ಬಿಚ್ಚುತ್ತಿದ್ದರಂತೆ. "ಮೊದಲ ಕೇಳಬೇಕು, ಆಮ್ಯಾಲ ಹೇಳಬೇಕು" ಎಂಬ ಅವರ ಮಾತನ್ನು ಮನೆಯ ಹಿರಿಯರ ಬಾಯಲ್ಲಿ ಕೇಳುತ್ತಲೇ ಬೆಳೆದೆವು. ಕೇಳಿದ್ದೆಲ್ಲ ಮನಸ್ಸಿಗೆ ಇಳಿಯುತ್ತದೆಯೇ?

ಇಂದಿನ ಸಂತೆ ಕಿಸೆಯೊಳಗೇ ಇದೆ. ಬೆಳಗಾದರೆ ಮೊಬೈಲಿನಲ್ಲಿ ಸತ್ಯವೇದದ ವಾಕ್ಯ ಬರುತ್ತದೆ. ಓದಿದೆವೋ ಇಲ್ಲವೋ, ಬೆರಳಿನಿಂದ ಒತ್ತಿ ನಲವತ್ತು ಮಂದಿಗೆ ಕಳಿಸಿಬಿಡುತ್ತೇವೆ. ಅವರಲ್ಲಿ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ತಿಳಿಯುವುದಿಲ್ಲ. ಇನ್ನು ಕಾನೂನಿನ ಮಾತು. ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆದರೆ ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಗೆರೆ ಎಲ್ಲಿದೆ ಎಂದು ವಾದಿಸುವವರು ವಾದಿಸಲಿ. ನಾವು ದಾಟಿದ ಗೆರೆ ಯಾವ ಕೋರ್ಟಿಗೂ ಕಾಣುವಂಥದಲ್ಲ.

ಜೋಕಾದ ನಮ್ಮ ಮನೆಯ ಎದುರಿಗೆ ಒಬ್ಬ ಬಂಗಾಳಿ ತಾಯಿ ಇದ್ದಾರೆ. ಓಣಿಗೆಲ್ಲ ಅವರು ಮಾಶಿಮಾ. ನಾವು ಹೊಸದಾಗಿ ಬಂದಾಗ ಮೀನಿನ ಪೇಟೆಯಿಂದ ಹಿಡಿದು ಮಕ್ಕಳ ಡಾಕ್ಟರವರೆಗೆ ದಾರಿ ತೋರಿಸಿದವರು ಅವರೇ. ಅವರ ಯಜಮಾನರು ತೀರಿಕೊಂಡಾಗ ನಾವು ಹಣ್ಣು ತೆಗೆದುಕೊಂಡು ಹೋದೆವು. ಹಣ್ಣಿನ ಚೀಲದ ಅಡಿಯಲ್ಲಿ ಬಂಗಾಳಿಯ ಒಂದು ಚಿಕ್ಕ ಸುವಾರ್ತೆ ಪುಸ್ತಕವನ್ನೂ ಇಟ್ಟಿದ್ದೆವು. ದುಃಖದಲ್ಲಿರುವವರಿಗೆ ಸಮಾಧಾನವಾದೀತು ಎಂಬ ಭಾವನೆ. ಆದರೆ ಕೈಯಲ್ಲಿ ಕೊಡುವ ಧೈರ್ಯವಿಲ್ಲದೆ ಅಡಿಯಲ್ಲಿ ಇಟ್ಟೆವಲ್ಲ, ತಪ್ಪು ಆಗಲೇ ನಮಗೆ ತಿಳಿದಿದ್ದಿರಬೇಕು.

ಶ್ರಾದ್ಧ ಕಳೆದ ಮೇಲೆ ಮಾಶಿಮಾ ಬಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಆ ದಿನ ನೀವು ಬಂದದ್ದು ನನ್ನನ್ನು ನೋಡಲಿಕ್ಕೋ, ಇದನ್ನು ಕೊಡಲಿಕ್ಕೋ?" ಎಂದಷ್ಟೇ ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹಲವು ತಿಂಗಳು ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ.

ಆ ಚಳಿಗಾಲದಲ್ಲಿ ಊರಿನಿಂದ ನೆಂಟರು ಬಂದರು. ಅವರನ್ನು ಶ್ರೀರಾಮಪುರಕ್ಕೆ ಕರೆದುಕೊಂಡು ಹೋದೆವು. ಹೌರಾದಿಂದ ಲೋಕಲ್ ರೈಲು ಹಿಡಿದರೆ ಹೂಗ್ಲಿಯ ದಂಡೆಯ ಆ ಊರು ದೂರವಲ್ಲ. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಸ್ಥಾಪಿಸಿದ ಕಾಲೇಜು ಇಂದಿಗೂ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಿದ್ದ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಏಳು ವರುಷ ಬೋಧಿಸಿದರೂ ಅವರ ಮಾತಿಗೆ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನಕ್ಕೆ ಮುಂದೆ ಬರಲಿಲ್ಲ. 1800ರ ಡಿಸೆಂಬರಿನಲ್ಲಿ ಬಂದ ಮೊದಲಿಗ ಕೃಷ್ಣ ಪಾಲ್ ಎಂಬ ಬಡಗಿ. ಅವನ ತೋಳಿನ ಕೀಲು ತಪ್ಪಿದಾಗ ಕೇರಿಯ ಜೊತೆಗಾರ ವೈದ್ಯ ಜಾನ್ ಥಾಮಸ್ ಅದನ್ನು ಕೂಡಿಸಿದ್ದರು.

ಶ್ರೀರಾಮಪುರದ ಕಥೆಯಲ್ಲಿ ಕನ್ನಡದ ಪಾಲೂ ಉಂಟು. ಕೇರಿ ಬಂಗಾಳದಲ್ಲಿ ಕುಳಿತೇ ಪಂಡಿತರ ನೆರವಿನಿಂದ ಕನ್ನಡ ಕಲಿತು ಹೊಸ ಒಡಂಬಡಿಕೆಯನ್ನು ಅನುವಾದಿಸುತ್ತಿದ್ದರು. 1812ರ ಮಾರ್ಚ್ 11ರಂದು ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಆ ಕನ್ನಡ ಅನುವಾದವೂ ಸೇರಿತ್ತು. ಅವರು ಮರಳಿ ಮೊದಲಿನಿಂದ ತೊಡಗಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಲ್ಲಿಯೇ ಅಚ್ಚಾಯಿತು. ಹಾಗೆಂದು ಅವರೆಲ್ಲ ತಪ್ಪೇ ಮಾಡದವರಲ್ಲ. 1807ರಲ್ಲಿ ಅದೇ ಮುದ್ರಣಾಲಯದಿಂದ ಹೊರಬಿದ್ದ ಪಾರಸಿ ಕರಪತ್ರವೊಂದರಲ್ಲಿ ಮುಸಲ್ಮಾನರ ಮನ ನೋಯಿಸುವ ಮಾತುಗಳಿದ್ದು, ಸರಕಾರ ಅದನ್ನು ತಡೆಯಬೇಕಾಯಿತು. ನೋವು ಮಾಡಿದ ಕರಪತ್ರಕ್ಕೂ ಜನರ ನುಡಿಗಾಗಿ ಸವೆಸಿದ ವರುಷಗಳಿಗೂ ಇರುವ ಅಂತರ ಅಂದು ನಮಗೆ ಚೆನ್ನಾಗಿ ಕಂಡಿತು. ಮಂಗಳೂರಿನಲ್ಲಿ ಮೊಗ್ಲಿಂಗರು 1843ರಲ್ಲಿ ಪತ್ರಿಕೆ ತಂದದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದು ನಮಗೆಲ್ಲ ಗೊತ್ತು. ಆ ನಿಘಂಟನ್ನು ಇಂದು ಯಾವ ಮತದ ಕನ್ನಡಿಗನೂ ಪರಕೀಯವೆಂದು ದೂರ ಇಡುವುದಿಲ್ಲ.

ಹಿಂತಿರುಗಿದ ಮರುದಿನವೇ ಮಾಶಿಮಾ ಮನೆಗೆ ಬರಿಗೈಯಲ್ಲಿ ಹೋದೆವು. "ತಪ್ಪಾಯಿತು" ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಚಹಕ್ಕೆ ನೀರಿಟ್ಟರು. ಆ ದಿನ ಅವರು ಯಜಮಾನರ ಕೊನೆಯ ರಾತ್ರಿಯ ಕಥೆ ಹೇಳಿದರು. ಸಾವಾದ ದಿನ ನಾವು ಕೇಳಬೇಕಾಗಿದ್ದ ಕಥೆ ಅದು. ಅಂದಿನಿಂದ ನಮಗೆ ಬಂಗಾಳಿ ಅಕ್ಷರ ಕಲಿಸುವ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದಾರೆ. ಒತ್ತಕ್ಷರ ತಪ್ಪಿದರೆ ಮಕ್ಕಳಿಗೆ ಗದರಿದಂತೆ ಗದರುತ್ತಾರೆ.

ಕಳೆದ ಕ್ರಿಸ್ಮಸ್ಸಿಗೆ ಕೇಕಿನ ತಟ್ಟೆ ಕೊಡಲು ಹೋದಾಗ ಆಕೆಯೇ ಕೇಳಿದರು: "ಅಲ್ಲ, ನಿಮ್ಮ ಅಜ್ಜ ಸಂತೆಯಲ್ಲಿ ನಿಂತು ಹೇಳುತ್ತಿದ್ದುದಾದರೂ ಏನು?" ನಮ್ಮ ಮುರುಕು ಬಂಗಾಳಿಯಲ್ಲಿ, ಮನೆ ಬಿಟ್ಟು ಹೋದ ಮಗನ ದಾರಿ ಕಾಯುತ್ತಿದ್ದ ತಂದೆಯ ಕಥೆ ಹೇಳಿದೆವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ಮಗನ ಫೋಟೋದ ಕಡೆ ನೋಡುತ್ತ ಕೇಳಿಸಿಕೊಂಡರು. ಮರುದಿನ ಎಂದಿನಂತೆ ಅವರ ಮನೆಯಿಂದ ಶಂಖದ ಧ್ವನಿ ಕೇಳಿಬಂತು. ಭಾನುವಾರ ಎಂದಿನಂತೆ ನಾವು ದೇವಾಲಯಕ್ಕೆ ಹೋದೆವು.

ಹಿರಿಯರೇ, ಪಂಕ್ತಿಯಲ್ಲಿ ನೀವು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇದು. ಒಂದು ದಿನ ಜೋಕಾಕ್ಕೆ ಬನ್ನಿ. ಮೊದಲು ನಿಮ್ಮ ಕಥೆ ಕೇಳುತ್ತೇವೆ. ಆಮೇಲೆ ನೀವು ಕೇಳಿದರೆ, ಖಂಡಿತ ಹೇಳುತ್ತೇವೆ.